ಬೇಸಿಗೆ ಗಣಿತ: ಶುಲ್ಕ ಕಟ್ಟುವ ಮುನ್ನ

ಮಾನ್ಯರೇ,

ಹಲವು ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಗಣಿತದಲ್ಲಿ ಅನುತ್ತೀರ್ಣರಾದವರಿಗಾಗಿ, ಇಡೀ ಸೆಮಿಸ್ಟರಿನ ಪಾಠವನ್ನು ಬೇಸಿಗೆಯ ಏಳೆಂಟು ವಾರಗಳಲ್ಲೇ ಮುಗಿಸುವ ವ್ಯವಸ್ಥೆಯಿದೆ. ವರ್ಷ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಎಲ್ಲರೂ ಇದಕ್ಕೆ ಸೇರುವುದು ಸರಿಯಲ್ಲವೆಂಬುದು ದೀರ್ಘಕಾಲ ಗಣಿತ ಬೋಧಿಸಿದ ನನ್ನ ಅಭಿಪ್ರಾಯ.

ಡಿಫರೆನ್ಷಿಯಲ್ ಸಮೀಕರಣಗಳನ್ನು ಸರಳ ಬೀಜಗಣಿತದ ರೂಪಕ್ಕೆ ಬದಲಿಸಿ ಬಿಡಿಸುವ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಪಾಠವನ್ನೇ ನೋಡಿ. ಅದರ ವ್ಯಾಖ್ಯೆ ಒಂದು ಗಂಟೆಯಲ್ಲಿ ಅರ್ಥವಾಗುತ್ತದೆ. ಆದರೆ ಇನ್ವರ್ಸ್, ಅಂದರೆ ಬದಲಿಸಿದ್ದನ್ನು ಮತ್ತೆ ಮೂಲ ರೂಪಕ್ಕೆ ತರುವ ಲೆಕ್ಕ ಬಂದಾಗ, ಪಿಯುಸಿಯಲ್ಲಿ ಕಲಿತ ಪಾರ್ಷಿಯಲ್ ಫ್ರಾಕ್ಷನ್ (ಒಂದು ಭಿನ್ನರಾಶಿಯನ್ನು ಸರಳ ಭಿನ್ನರಾಶಿಗಳಾಗಿ ಒಡೆಯುವ ಕ್ರಮ) ಮರೆತ ವಿದ್ಯಾರ್ಥಿ ಅಲ್ಲೇ ನಿಂತುಬಿಡುತ್ತಾನೆ. 16 ವಾರಗಳ ಸೆಮಿಸ್ಟರಿನಲ್ಲಿ ಒಂದು ವಾರ ಹಿಂದೆ ಬಿದ್ದರೆ ಸರಿದೂಗಿಸಬಹುದು; 8 ವಾರಗಳಲ್ಲಿ ಅದು ಬಹಳ ಕಷ್ಟ.

ಕಾಯಿಲೆಯಿಂದ ಪರೀಕ್ಷೆ ತಪ್ಪಿಸಿಕೊಂಡವರಿಗೆ, ಕೆಲವೇ ಅಂಕಗಳಿಂದ ಎಡವಿದವರಿಗೆ ಈ ತರಗತಿ ನಿಜಕ್ಕೂ ಆಸರೆ. ಬುನಾದಿಯೇ ಸಡಿಲವಾಗಿರುವವರು, ಅದರಲ್ಲೂ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬಂದವರು, ಮೊದಲು ಕೆಲವು ವಾರ ಇಂಟಿಗ್ರೇಷನ್ನಿನ ಮೂಲ ಲೆಕ್ಕಗಳನ್ನು ಕೈಯಾರೆ ಬಿಡಿಸಿಕೊಂಡು, ಆಮೇಲೆ ನಿರ್ಧರಿಸುವುದು ಒಳ್ಳೆಯದು. ಬೇಸಿಗೆ ತರಗತಿಗೆ ಸೇರುವವರು ಅದೇ ರಜೆಯಲ್ಲಿ ಇಂಟರ್ನ್‌ಶಿಪ್ ಅನ್ನೂ ಒಪ್ಪಿಕೊಳ್ಳಬಾರದು.

ನೋಂದಣಿಗೆ ಮುನ್ನ ಕಾಲೇಜುಗಳು ಒಂದು ಗಂಟೆಯ ಸಿದ್ಧತಾ ಪರೀಕ್ಷೆ ನಡೆಸಿ, ಅದರ ಫಲಿತಾಂಶವನ್ನು ವಿದ್ಯಾರ್ಥಿಗೆ ತಿಳಿಸಿದ ನಂತರವೇ ಶುಲ್ಕ ಪಡೆಯಬೇಕೆಂದು ಕೋರುತ್ತೇನೆ.

– ನಿವೃತ್ತ ಗಣಿತ ಅಧ್ಯಾಪಕ, ಮೈಸೂರು