ಹಳೆ ವಿದ್ಯಾರ್ಥಿಗಳ ಗಾಲ್ಫ್ ಸಂಘ: ಕಿರಿಯ ಆಟಗಾರರಿಗಾಗಿ ದೇಣಿಗೆ ಮನವಿ

ಪ್ರಿಯ ಹಳೆ ವಿದ್ಯಾರ್ಥಿಗಳೇ,

ಹೊಸ ಋತುವಿನ ಪಂದ್ಯಗಳ ಪಟ್ಟಿ ತಯಾರಾಗುತ್ತಿದೆ. ಈ ಸಲ ನಿಮ್ಮಲ್ಲಿ ನಮ್ಮದು ಒಂದೇ ಕೋರಿಕೆ. ಇತ್ತೀಚೆಗೆ ಶಾಲೆ ಮುಗಿಸಿದ ಹುಡುಗ ಹುಡುಗಿಯರು ನಮ್ಮ ತಂಡದಲ್ಲಿ ಇಡೀ ಋತು ಆಡಬೇಕು. ಅವರ ಖರ್ಚಿಗೆ ನಾವೆಲ್ಲ ಸೇರಿ ಹಣ ಕೂಡಿಸೋಣ.

ಅವರಿಗೆ ಆಡುವ ಆಸೆ ಇದೆ, ಕೈಯೂ ಚೆನ್ನಾಗಿದೆ. ಆದರೆ ಕೆಲವರು ಇನ್ನೂ ಓದುತ್ತಿದ್ದಾರೆ, ಕೆಲವರು ಈಗಷ್ಟೇ ಕೆಲಸಕ್ಕೆ ಸೇರಿದ್ದಾರೆ. ಒಂದು ದಿನದ ಆಟ ಅಂದರೆ ಗ್ರೀನ್ ಫೀ (ಮೈದಾನದಲ್ಲಿ ಆಡಲು ಕಟ್ಟುವ ಶುಲ್ಕ), ಓಡಾಟ, ಊಟ, ಚೆಂಡು ಎಲ್ಲ ಸೇರುತ್ತದೆ. ಪಂದ್ಯ ದೂರದಲ್ಲಿದ್ದರೆ ಹಿಂದಿನ ರಾತ್ರಿಯ ವಸತಿಯೂ ಬೇಕು. ಋತು ಪೂರ್ತಿ ಲೆಕ್ಕ ಹಾಕಿದರೆ ಮೊತ್ತ ಜಾಸ್ತಿಯೇ ಆಗುತ್ತದೆ. ದುಡ್ಡಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಏನೋ ಒಂದು ನೆಪ ಹೇಳಿ ಸುಮ್ನೆ ಹಿಂದೆ ಸರಿಯುತ್ತಾರೆ. ಹೀಗೆ ಒಬ್ಬ ಒಳ್ಳೆ ಆಟಗಾರ ದೂರವಾದರೆ ಮತ್ತೆ ಬರುವುದು ಕಷ್ಟ.

ಹಿರಿಯರೂ ಕಿರಿಯರೂ ಒಟ್ಟಿಗೆ ಆಡಲು ಗಾಲ್ಫ್‌ನಷ್ಟು ಒಪ್ಪುವ ಆಟ ಇನ್ನೊಂದು ಇಲ್ಲ ಅನ್ನುವುದು ನಮ್ಮ ನಂಬಿಕೆ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ 54ರವರೆಗೂ ಹ್ಯಾಂಡಿಕ್ಯಾಪ್, ಅಂದರೆ ಆಟಗಾರರ ಮಟ್ಟಕ್ಕೆ ತಕ್ಕ ಹೊಡೆತಗಳ ರಿಯಾಯಿತಿ, ಸಿಗುತ್ತದೆ. ಹಾಗಾಗಿ ಹೊಸಬರೂ ಪಳಗಿದವರ ಎದುರು ಸಮವಾಗಿ ಆಡಬಹುದು. ಪ್ರತಿ ಹೋಲ್‌ಗೂ (ಚೆಂಡು ಬೀಳಿಸುವ ಗುಳಿ) ಬೇರೆಬೇರೆಯಾಗಿ ಅಂಕ ಕೊಡುವ ಸ್ಟೇಬಲ್‌ಫೋರ್ಡ್ ಪಂದ್ಯದಲ್ಲಿ ಒಂದು ಹೋಲ್ ಪೂರ್ತಿ ಕೆಟ್ಟರೂ ಅಲ್ಲಿ ಸೊನ್ನೆ ಅಂಕ, ಅಷ್ಟೇ. ಮುಂದಿನ ಹೋಲ್‌ನಲ್ಲಿ ಹೊಸದಾಗಿ ಶುರು ಮಾಡಬಹುದು.

ನಮಗೆ ಎಲ್ಲಕ್ಕಿಂತ ಇಷ್ಟ ಫೋರ್ಸಮ್ಸ್. ಇಬ್ಬರಿಗೆ ಒಂದೇ ಚೆಂಡು, ಒಂದೊಂದು ಹೊಡೆತ ಸರದಿಯಲ್ಲಿ. ನಿಮ್ಮ ಜೊತೆಗಾರ ಚೆಂಡನ್ನು ಮರಳುಗುಂಡಿಗೆ ಹಾಕಿದರೆ ಹೊರಗೆ ತೆಗೆಯಬೇಕಾದವರು ನೀವು. ಇಲ್ಲಿ ಯಾರೂ ಯಾರಿಗೂ ಕ್ಷಮೆ ಕೇಳಬಾರದು ಅನ್ನುವುದು ಹಳೆಯ ರೂಢಿ. ಇಂಗ್ಲೆಂಡಿನಲ್ಲಿ ಶಾಲೆಗಳ ಹಳೆ ವಿದ್ಯಾರ್ಥಿಗಳಿಗಾಗಿಯೇ 1924ರಲ್ಲಿ ಶುರುವಾದ ಹಾಲ್‌ಫರ್ಡ್ ಹೆವಿಟ್ ಪಂದ್ಯಾವಳಿ ಇವತ್ತಿಗೂ ಫೋರ್ಸಮ್ಸ್‌ನಲ್ಲೇ ನಡೆಯುತ್ತದೆ. ತಂಡಕ್ಕೆ 10 ಜನ, 5 ಜೋಡಿ. ನಲವತ್ತು ವರ್ಷ ಅಂತರದ ಇಬ್ಬರು 18 ಹೋಲ್ ಜೊತೆಯಾಗಿ ನಡೆದರೆ ಅವರ ನಡುವೆ ಬೆಳೆಯುವ ಮಾತು ಯಾವ ವಾರ್ಷಿಕ ಸಮಾರಂಭದಲ್ಲೂ ಸಿಗುವುದಿಲ್ಲ, ಅಲ್ವಾ?

ಬೇರೆಯವರಿಂದ ಹಣ ಪಡೆದರೆ ಕಿರಿಯರ ಅಮೆಚೂರ್ (ಹವ್ಯಾಸಿ) ಸ್ಥಾನಕ್ಕೆ ಕುತ್ತು ಬರುತ್ತದಾ ಅನ್ನುವ ಅನುಮಾನ ಕೆಲವರಲ್ಲಿದೆ. ಇಲ್ಲ, ಬರುವುದಿಲ್ಲ. 2022ರ ಜನವರಿಯಲ್ಲಿ ಅಮೆಚೂರ್ ನಿಯಮಗಳು ಬದಲಾದವು. ಆಟದ ಖರ್ಚನ್ನು ಬೇರೆಯವರು ಭರಿಸುವುದಕ್ಕೆ ಈಗ ತಡೆ ಇಲ್ಲ. ಬಹುಮಾನದ ಮೊತ್ತಕ್ಕೆ ಮಾತ್ರ ಮಿತಿ ಇದೆ. ನಿಮ್ಮ ದೇಣಿಗೆಯಲ್ಲಿ ಬಹುಮಾನಕ್ಕಾಗಲಿ, ಭೋಜನಕೂಟಕ್ಕಾಗಲಿ ಏನೂ ಹೋಗುವುದಿಲ್ಲ. ಅವನ್ನು ಆಡುವ ಹಿರಿಯರೇ ನೋಡಿಕೊಳ್ಳುತ್ತಾರೆ. ಯಾರಿಗೆ ನೆರವು ಸಿಕ್ಕಿತು ಅನ್ನುವುದನ್ನೂ ಎಲ್ಲೂ ಪ್ರಕಟಿಸುವುದಿಲ್ಲ. ಒಟ್ಟು ಲೆಕ್ಕ ಮಾತ್ರ ಋತು ಮುಗಿದ ಮೇಲೆ ಎಲ್ಲ ಸದಸ್ಯರಿಗೂ ತಲುಪುತ್ತದೆ.

ಹಣ ಕೊಡಲು ಆಗದವರು ಕ್ಲಬ್‌ಗಳನ್ನು, ಅಂದರೆ ಚೆಂಡು ಹೊಡೆಯುವ ಕೋಲುಗಳನ್ನು, ಕೊಡಬಹುದು. ನಿಯಮದ ಪ್ರಕಾರ ಬ್ಯಾಗ್‌ನಲ್ಲಿ 14ಕ್ಕಿಂತ ಹೆಚ್ಚು ಇಡುವಂತಿಲ್ಲ. ಮನೆಯ ಮೂಲೆಯಲ್ಲಿ ಉಳಿದವು ಎಷ್ಟೋ ಇರುತ್ತವೆ. ಕಲಿಯುವವರಿಗೆ ದೂರದ ಹೊಡೆತಕ್ಕೆ ಒಂದು ವುಡ್, ನಡುವಿನ ಹೊಡೆತಗಳಿಗೆ ನಾಲ್ಕೈದು ಐರನ್, ಚೆಂಡನ್ನು ಗುಳಿಗೆ ಉರುಳಿಸಲು ಒಂದು ಪಟರ್ ಸಾಕು. ಹಿಡಿ ಸವೆದಿದ್ದರೂ ಚಿಂತೆಯಿಲ್ಲ, ನಾವು ಬದಲಾಯಿಸುತ್ತೇವೆ.

ಮೊತ್ತ ಎಷ್ಟೇ ಇರಲಿ, ಸಂಘದ ಖಜಾಂಚಿಗೆ ತಲುಪಿಸಿ ರಸೀದಿ ಪಡೆಯಿರಿ. ತಂಡದ ಆಯ್ಕೆಗೆ ಮೊದಲೇ ಕೊಟ್ಟರೆ ತುಂಬಾ ಉಪಕಾರ. ಆಗ ಕಿರಿಯರನ್ನು ಕರೆಯುವಾಗಲೇ "ಖರ್ಚಿನ ಯೋಚನೆ ಬೇಡ, ಬನ್ನಿ" ಎಂದು ಹೇಳಬಹುದು.