ಟ್ರೋಮ್ಸೋದಿಂದ ಶಿರಸಿಗೆ: ಫೋನ್ ಮಾಡುವ ಹೊತ್ತಿನ ಲೆಕ್ಕ

ಟ್ರೋಮ್ಸೋ, ನಾರ್ವೆ
8 ಮಾರ್ಚ್ 2026

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಆಯಿಗೂ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ. ಇದೇ 29ಕ್ಕೆ ಇಲ್ಲಿಯ ಗಡಿಯಾರ ಬದಲಾಗುತ್ತದೆ. ಮಾತಾಡುವ ಹೊತ್ತು ತಪ್ಪಬಾರದೆಂದು ಬರೆದೇ ಕಳಿಸುತ್ತಿದ್ದೇನೆ.

ಸದ್ಯ ಶಿರಸಿ ನಮಗಿಂತ ನಾಲ್ಕೂವರೆ ತಾಸು ಮುಂದೆ. ಮಾರ್ಚ್ ಕೊನೆಯ ಭಾನುವಾರ ರಾತ್ರಿ 2 ಗಂಟೆ ಆದಕೂಡಲೇ ಇಲ್ಲಿ 3 ಎಂದು ಲೆಕ್ಕ. ಆಗ ನಿಮ್ಮಲ್ಲಿ ಬೆಳಿಗ್ಗೆ 6.30. ಅಲ್ಲಿಂದ ಮುಂದೆ ಅಂತರ ಮೂರೂವರೆ ತಾಸು. ಅಕ್ಟೋಬರ್ 25ರಿಂದ ಮತ್ತೆ ನಾಲ್ಕೂವರೆ. ಅಲಾರಾಂ ಇಟ್ಟುಕೊಂಡರೆ ಅದು ಭಾರತದ ಸಮಯಕ್ಕೇ ಹೊಡೆಯುತ್ತದೆ, ಇಲ್ಲಿಯ ಬದಲಾವಣೆ ಅದಕ್ಕೆ ತಿಳಿಯದು. ಅದಕ್ಕಾಗಿ ಮೊಬೈಲಿನ ಗಡಿಯಾರದಲ್ಲಿ ‘ಓಸ್ಲೋ’ ಸೇರಿಸಿಕೊಳ್ಳಿ. ಅಲ್ಲಿಗೂ ಇಲ್ಲಿಗೂ ಒಂದೇ ಸಮಯ, ತಾನಾಗಿಯೇ ಸರಿಹೋಗುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲೂ 29ರ ಮನೆಯೊಳಗೆ ‘ಮೂರೂವರೆ ಕಳೆ’ ಎಂದು ಬರೆದಿಡಿ.

ಇಲ್ಲಿ ಆಫೀಸು ಬಿಡುವುದು 4ಕ್ಕೆ, ದಿನದ ಮುಖ್ಯ ಊಟ 4–5ರ ಒಳಗೆ. ಈಗಿನ ಲೆಕ್ಕದಲ್ಲಿ ಅದು ನಿಮ್ಮ ರಾತ್ರಿ 8.30–9.30. ಇನ್ನು ಮುಂದೆಯೂ ನಿಮ್ಮ 8.30ನ್ನೇ ಇಟ್ಟುಕೊಳ್ಳೋಣ, ಇಲ್ಲಿ 5 ಆಗಿ ಊಟ ಮುಗಿದಿರುತ್ತದೆ.

ಗಡಿಯಾರಕ್ಕಿಂತ ಹೆಚ್ಚು ಗೊಂದಲ ಬೆಳಕಿನದು. ಶಿರಸಿಯಲ್ಲಿ ಅತಿ ಚಿಕ್ಕ ಹಗಲೂ ಹನ್ನೊಂದೂಕಾಲು ತಾಸು, ಅತಿ ದೊಡ್ಡದು ಹದಿಮೂರರ ಹತ್ತಿರ. ಇಲ್ಲಿ ಈ ತಿಂಗಳು ದಿನಕ್ಕೆ ಎಂಟು-ಒಂಬತ್ತು ನಿಮಿಷ ಹಗಲು ಬೆಳೆಯುತ್ತಿದೆ. ಮೇ 20ರ ಸುಮಾರಿಗೆ ಸೂರ್ಯ ಮುಳುಗುವುದೇ ನಿಲ್ಲುತ್ತದೆ, ಜುಲೈ 22ರವರೆಗೂ ಹಾಗೆಯೇ. ರಾತ್ರಿ 9ಕ್ಕೂ ಕಿಟಕಿಯಲ್ಲಿ ಬಿಸಿಲಿದ್ದರೆ ಇಲ್ಲಿಯವರಿಗೆ ಹೊತ್ತಾದದ್ದೇ ಗೊತ್ತಾಗದು, ನಿಮ್ಮಲ್ಲಿ ಆಗಲೇ 12.30. ಕಪ್ಪು ಪರದೆ ಎಳೆಯದೆ ಇಲ್ಲಿ ನಿದ್ದೆ ಇಲ್ಲ. ಅದೇ ವೇಳೆಗೆ ನಿಮ್ಮಲ್ಲಿ ಮಳೆ ಹಿಡಿದು, ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಲೈನ್ ಸಿಗುವುದಿಲ್ಲ. ಆಗ ವಾಟ್ಸಾಪಿನಲ್ಲಿ ಧ್ವನಿ ಕಳಿಸಿಡಿ, ಸಿಗ್ನಲ್ ಬಂದಾಗ ತಲುಪುತ್ತದೆ.

ಚಳಿಗಾಲ ಪೂರ್ತಿ ತಿರುಗುಮುರುಗು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದಿಲ್ಲ. ಸುತ್ತಲೂ ಗುಡ್ಡ ಇರುವುದರಿಂದ ಪೇಟೆಗೆ ಬಿಸಿಲು ಮರಳುವುದು ಜನವರಿ 21ರ ಹೊತ್ತಿಗೆ. ಆ ದಿನ ಬೇಕರಿಗಳಲ್ಲಿ ಸೂರ್ಯನ ಹೆಸರಿನ ಸಿಹಿ ಬನ್ನಿಗೆ ಸಾಲು ಹಚ್ಚುತ್ತಾರೆ. ಕತ್ತಲ ತಿಂಗಳಲ್ಲೂ 11ರಿಂದ 12.30ರ ನಡುವೆ ಹಿಮದ ಮೇಲೆ ನೀಲಿ ಬೆಳಕು ಬೀಳುತ್ತದೆ. ಊರು ನೋಡಬೇಕೆಂದರೆ ನಿಮ್ಮ ಸಂಜೆ ಚಹಾದ ಹೊತ್ತಿಗೆ, 4ರ ಸುಮಾರಿಗೆ, ವಿಡಿಯೋ ಹಚ್ಚಿ. ಆ ತಿಂಗಳಲ್ಲೇ ನಿಮ್ಮಲ್ಲಿ ಅಡಿಕೆಯ ಕೊನೆಕೊಯ್ಲು. ಮೆಟ್ಟುಗತ್ತಿ ಮುಂದೆ ಕುಳಿತು ಅಡಿಕೆ ಸುಲಿಯುವ ರಾತ್ರಿ 9.30 ನಮಗೆ ಸಂಜೆ 5. ಸುಲಿಯುತ್ತಲೇ ಮಾತಾಡಬಹುದು, ಫೋನು ಮಾತ್ರ ಸ್ಪೀಕರಿನಲ್ಲಿಡಿ, ಕೈ ಕತ್ತಿಯ ಮೇಲಿರಲಿ.

ಅಪ್ಪ ಕೇಳಿದ ಪಂಚಾಂಗದ ವಿಷಯ. ತಿಥಿ ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ, ಅಲ್ಲಿಯ ಸಮಯದಲ್ಲಿ ಅಂತರ ಕಳೆದರೆ ಸಾಕು. ಆದರೆ ಏಕಾದಶಿಗೆ ಸೂರ್ಯೋದಯ ಬೇಕು, ಹಾಗಾಗಿ ಅಲ್ಲಿಯ ದಿನ ಇಲ್ಲಿ ಕೂಡಿಬರದೆ ಇರಬಹುದು. ರಾಹುಕಾಲ ಹಗಲನ್ನು ಎಂಟು ಪಾಲು ಮಾಡಿ ತೆಗೆಯುವುದು, ಹಗಲೇ ಇಲ್ಲದ ಡಿಸೆಂಬರಿನಲ್ಲಿ ಪಾಲು ಎಲ್ಲಿಂದ ಬರಬೇಕು? ಆ ತಿಂಗಳಿಗೆ ಶಿರಸಿಯ ದಿನವನ್ನೇ ಹಿಡಿಯುವುದು ಸರಿ ಎಂದು ನನ್ನ ಅಭಿಪ್ರಾಯ. ಆಗಸ್ಟ್ 12ರ ಅಮಾವಾಸ್ಯೆಗೆ ಇಲ್ಲಿ ಸಂಜೆ ಸೂರ್ಯಗ್ರಹಣ, ಪಾರ್ಶ್ವ. ನಿಮ್ಮಲ್ಲಿ ಆಗ ರಾತ್ರಿ, ಕಾಣುವುದಿಲ್ಲ, ಊಟ ಎಂದಿನಂತೆ ಮಾಡಿ.

ಇಂತಿ ನಿಮ್ಮ ಮಗಳು