ವಿಡಿಯೋ ಓಡಿದ್ರೆ ಪಾಠ ಆಯ್ತಾ?

ಮಾನ್ಯ ಸಂಪಾದಕರೇ,

ನನ್ನ ಮಗಳು ಬಿಕಾಂ ಓದ್ತಿದ್ದಾಳೆ, ಈ ಸೆಮಿಸ್ಟರ್‌ನಲ್ಲಿ ಒಂದು ಪೇಪರ್ ಪೂರ್ತಿ ಅವರ ವಿಶ್ವವಿದ್ಯಾಲಯದ ಆನ್‌ಲೈನ್ ಪೋರ್ಟಲ್‌ನಲ್ಲೇ. ಹೋದ ವಾರ ರಾತ್ರಿ ನೀರು ಕುಡಿಯೋಕೆ ಅಂತ ಎದ್ರೆ ಫ್ರಿಜ್ ಮೇಲೆ ಅವಳ ಫೋನು, ಸೌಂಡ್ ಆಫ್ ಮಾಡಿ ಪಾಠದ ವಿಡಿಯೋ ಓಡ್ತಾ ಇದೆ, ಅವಳು ರೂಮಲ್ಲಿ ಕೂತು ಬೇರೆ ಸಬ್ಜೆಕ್ಟ್ ನೋಟ್ಸ್ ಬರೀತಿದ್ದಾಳೆ. ಏನಮ್ಮಾ ಇದು ಅಂದ್ರೆ "ಅಪ್ಪಾ, ವಿಡಿಯೋ ಕೊನೇವರೆಗೂ ಓಡಿದ್ರೇನೇ ಹಸಿರು ಟಿಕ್ ಬೀಳೋದು, ಟಿಕ್ ಬಿದ್ರೇನೇ ಕ್ವಿಜ್ ಓಪನ್ ಆಗೋದು, ಎಲ್ರೂ ಹಿಂಗೇ ಮಾಡ್ತಾರೆ" ಅಂದ್ಲು. ಬೈಯೋಣ ಅಂತ ಹೋದವನು ಆ ವಿಡಿಯೋನ ನಾನೇ ಕೂತು ನೋಡ್ದೆ. ನಲವತ್ತು ನಿಮಿಷ ಸ್ಲೈಡ್ ಮೇಲಿರೋದನ್ನ ಓದ್ಕೊಂಡು ಹೋಗ್ತಾರೆ, ಅಷ್ಟೇ. ಆಮೇಲೆ ಅವಳಿಗೆ ಬೈಯೋಕೆ ಬಾಯೇ ಬರ್ಲಿಲ್ಲ.

ಡಿಪ್ರಿಸಿಯೇಷನ್ (ಯಂತ್ರ-ಸಾಮಾನಿನ ಬೆಲೆ ವರ್ಷ ವರ್ಷ ಇಳಿಯೋದು) ಲೆಕ್ಕದಲ್ಲಿ ಒಂದು ಡೌಟ್ ಅಂತ ಆ ಪೋರ್ಟಲ್‌ನ ಚರ್ಚೆ ವಿಭಾಗದಲ್ಲಿ ಅವಳು ಕೇಳಿ 19 ದಿನ ಆಯ್ತು, ಕೆಳಗೆ ಇನ್ನೂ ಮೂರು ಜನ "ನಂಗೂ ಇದೇ ಡೌಟು" ಅಂತ ಹಾಕಿದ್ದಾರೆ, ಮೇಷ್ಟ್ರು ಒಬ್ರೂ ಆ ಕಡೆ ಬಂದಿಲ್ಲ. ಕೊನೆಗೆ ಅದನ್ನ ಬಿಡಿಸಿ ಹೇಳಿದ್ದು ನಮ್ಮೂರ ಅಕ್ಕಿ ಮಿಲ್ಲಲ್ಲಿ ಲೆಕ್ಕ ಬರೆಯೋರು, ಹಳೇ ಬಿಲ್ಲಿನ ಹಿಂದೆ ಗೀಚಿ, ಹತ್ತೇ ನಿಮಿಷದಲ್ಲಿ.

ಆನ್‌ಲೈನ್ ಪಾಠಾನೇ ಬೇಡ ಅಂತ ನಾನು ಹೇಳ್ತಿಲ್ಲ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ಪೋರ್ಟಲ್ ಸ್ವಯಂನಲ್ಲಿ ಪ್ರತಿ ಕೋರ್ಸಿಗೂ ವಿಡಿಯೋ, ಓದೋ ಸಾಮಗ್ರಿ, ತಾನೇ ಪರೀಕ್ಷಿಸ್ಕೊಳ್ಳೋ ಪ್ರಶ್ನೆ, ಡೌಟ್ ಕೇಳೋ ಜಾಗ ನಾಲ್ಕೂ ಇರ್ಬೇಕು ಅಂತ ಇದೆ. ಐಐಟಿಗಳೋರು ನಡೆಸೋ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಬೇಕಂದ್ರೆ ಸೆಂಟರ್‌ಗೇ ಹೋಗಿ ಪರೀಕ್ಷೆ ಬರೀಬೇಕು, ಅಲ್ಲಿ ಟಿಕ್ ಮಾರ್ಕಿಂದ ಪಾಸಾಗೋಕೆ ಆಗಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿಯ 2021ರ ನಿಯಮದಲ್ಲಂತೂ ಒಂದು ಸೆಮಿಸ್ಟರ್‌ನ 40% ಕೋರ್ಸ್‌ವರೆಗೂ ಸ್ವಯಂ ಮೂಲಕ ಮಾಡ್ಬಹುದು. ಅಂದ್ರೆ ಇದು ಬರಬರ್ತಾ ಜಾಸ್ತಿನೇ ಆಗೋದು, ಅದಕ್ಕೇ ಇಷ್ಟು ಸಂಕಟ ಆಗ್ತಿದೆ.

ವಿಶ್ವವಿದ್ಯಾಲಯಗಳು ಎಷ್ಟು ವಿಡಿಯೋ ಹಾಕಿದ್ವಿ, ಎಷ್ಟು ಜನ ಸೇರಿದ್ರು ಅಂತ ಲೆಕ್ಕ ಕೊಡೋದು ಸಾಕು. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯೋ ಬೆಂಗಳೂರು ನಾಗರಬಾವಿಯ ನ್ಯಾಕ್‌ನೋರು ತಪಾಸಣೆ ಮಾಡುವಾಗ ಯಾವುದಾದ್ರೂ ಒಂದು ಪೇಪರಿನ ಚರ್ಚೆ ಪುಟ ತೆಗೆಸಿ, ಮಕ್ಕಳು ಕೇಳಿದ್ದಕ್ಕೆ ಯಾರು, ಎಷ್ಟು ದಿನಕ್ಕೆ ಉತ್ತರ ಕೊಟ್ಟಿದ್ದಾರೆ ಅಂತ ನೋಡ್ಲಿ. ಮುಂದಿನ ಅಡ್ಮಿಷನ್‌ಗೆ ಮುಂಚೆ ಆ ಲೆಕ್ಕ ನಮ್ಮಂಥ ಪೋಷಕರ ಕೈಗೂ ಸಿಗ್ಲಿ.

- ಒಬ್ಬ ತಂದೆ, ಅರಸೀಕೆರೆ